ಗುಜರಿಯಿಂದ ಅಪ್ರಾನ್ ತರುವ ಮುನ್ನ ಟೇಪು ಹಿಡಿಯಿರಿ

ಗುಜರಿಯಿಂದ ತಂದ ಬಾನೆಟ್ ಕೂರದಿದ್ದರೆ ಬೋಲ್ಟ್ ಬಿಚ್ಚಿ ವಾಪಸ್ ಕೊಡಬಹುದು. ಅಪ್ರಾನ್ (ಎಂಜಿನ್ ಪಕ್ಕದ, ಮುಂಚಕ್ರದ ಒಳಬದಿಯ ತಗಡು), ಚಾಸಿಸ್ ಲೆಗ್ (ಅದರ ಕೆಳಗೆ ಮುಂದಕ್ಕೆ ಚಾಚಿದ ಪೆಟ್ಟಿಗೆಯಂಥ ತೊಲೆ), ಪಿಲ್ಲರ್ (ಚಾವಣಿ ಹೊರುವ ಕಂಬ) ಇವುಗಳ ವಿಷಯ ಹಾಗಲ್ಲ. ಒಮ್ಮೆ ವೆಲ್ಡ್ ಆಯಿತೆಂದರೆ ವೀಲ್ ಅಲೈನ್‌ಮೆಂಟೂ ಏರ್‌ಬ್ಯಾಗೂ ಆ ತುಂಡನ್ನೇ ನಂಬಿಕೊಂಡಿರುತ್ತವೆ. ಮಾರುತಿ ಸ್ವಿಫ್ಟ್‌ನ ಬಲಗಡೆಯ ಅಪ್ರಾನ್ ಲೆಗ್ ಸಮೇತ ಬೇಕು ಎಂದಿಟ್ಟುಕೊಳ್ಳಿ. ಬಲ ಎಂದರೆ ಡ್ರೈವರ್ ಸೀಟಿನಲ್ಲಿ ಕೂತು ಮುಂದೆ ನೋಡಿದಾಗಿನ ಬಲ. ಫೋನಿನಲ್ಲಿ ಆರ್ಡರ್ ಮಾಡುವಾಗ ತಪ್ಪುವುದು ಇಲ್ಲೇ.

"ಸ್ವಿಫ್ಟ್‌ದೇ ಸಾರ್, ಕೂರುತ್ತೆ" ಎಂಬ ಮಾತು ಸಾಲದು. ನಮ್ಮಲ್ಲಿ ಸ್ವಿಫ್ಟ್ 2005, 2011, 2018, 2024ರಲ್ಲಿ ನಾಲ್ಕು ತಲೆಮಾರಾಗಿ ಬಂದಿದೆ. ಒಂದೇ ತಲೆಮಾರಿನೊಳಗೂ ಪೆಟ್ರೋಲೋ ಡೀಸೆಲೋ ನೋಡಿ, ಎಂಜಿನ್ ಮೌಂಟ್ ಮತ್ತು ಬ್ಯಾಟರಿ ಟ್ರೇ ಕೂರುವ ಜಾಗ ತಾಳೆ ಹಾಕಬೇಕು. ಎಬಿಎಸ್ ಬ್ರಾಕೆಟ್, ಏರ್‌ಬ್ಯಾಗ್ ಸೆನ್ಸರಿನ ತೂತು ಇವೆಯೇ ನೋಡಿ. ಯಾವುದೇ ಕಂಪನಿಯ ಕಾರಾದರೂ 2019ರ ಆಸುಪಾಸಿನದಾದರೆ ಇನ್ನಷ್ಟು ಎಚ್ಚರ ಬೇಕು. ಆ ವರ್ಷದ ಜುಲೈ 1ರಿಂದ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯವಾಯಿತು, ಅಕ್ಟೋಬರ್ 1ರಿಂದ ಮೊದಲೇ ಮಾರಾಟದಲ್ಲಿದ್ದ ಮಾಡೆಲ್‌ಗಳೂ ಕ್ರ್ಯಾಶ್ ಪರೀಕ್ಷೆ ದಾಟಬೇಕಾಯಿತು. ಹೊರಗಿನ ಮುಖ ಅದೇ ಇದ್ದರೂ ಒಳಗಿನ ತಗಡು ಬದಲಾಗಿರಬಹುದು. ಆರ್‌ಸಿಯಲ್ಲಿ ತಯಾರಿಕೆಯ ತಿಂಗಳು ಇರುತ್ತದೆ. ಅದನ್ನೇ ನೋಡಿ, ನೋಂದಣಿಯ ವರ್ಷವನ್ನಲ್ಲ.

ಆಮೇಲೆ 17 ಅಕ್ಷರದ ಚಾಸಿಸ್ ನಂಬರ್ ಕೊಟ್ಟು ಕಂಪನಿ ಡೀಲರ್‌ನ ಪಾರ್ಟ್ಸ್ ಕೌಂಟರಿನಲ್ಲಿ ಪಾರ್ಟ್ ನಂಬರ್ ಕೇಳಿ. ತುಂಡು ಯಾವ ಕಾರಿನದೋ ಅದರ ಚಾಸಿಸ್ ನಂಬರಿಗೂ ಹಾಗೆಯೇ ತೆಗೆಸಿ. ಸುಜುಕಿ ಪಾರ್ಟ್ ನಂಬರಿನ ಮೊದಲ ಐದು ಅಂಕಿ ಭಾಗ ಯಾವುದೆಂದು ಹೇಳುತ್ತವೆ, ನಂತರದ್ದು ಯಾವ ಮಾಡೆಲ್ ಎಂದು. ಮೊದಲ ಐದು ಹೊಂದಿದ ಮಾತ್ರಕ್ಕೆ ಭಾಗ ಹೊಂದಿತು ಎಂದಲ್ಲ.

ಗುಜರಿಗೆ ಟೇಪು, ಟಾರ್ಚು, ಸಣ್ಣ ಸುತ್ತಿಗೆ ಒಯ್ಯಿರಿ. ನಿಮ್ಮ ಕಾರಿನ ಪೆಟ್ಟಾಗದ ಕಡೆಯ ಅಳತೆ ಮೊದಲೇ ಬರೆದುಕೊಂಡಿರಿ: ಸ್ಟ್ರಟ್ ಮೌಂಟಿನ (ಶಾಕ್ ಅಬ್ಸಾರ್ಬರ್‌ನ ಮೇಲ್ತುದಿ ಕೂರುವ ಜಾಗ) ಬೋಲ್ಟ್ ತೂತಿನಿಂದ ಲೆಗ್‌ನ ಮುಂತುದಿಯ ತೂತಿಗೆ, ಅಲ್ಲಿಂದ ಕ್ರಾಸ್ ಮೆಂಬರ್ (ಅಡ್ಡ ತೊಲೆ) ಬೋಲ್ಟಿಗೆ. ಎರಡು ತೂತು ಒಂದೇ ಗಾತ್ರದವಾದರೆ ಎಡ ಅಂಚಿನಿಂದ ಎಡ ಅಂಚಿಗೆ ಅಳೆಯಿರಿ, ಅದೇ ನಡುವಿನಿಂದ ನಡುವಿಗೆ ಇರುವ ಅಂತರ. ಗಾತ್ರ ಬೇರೆಯಾದರೆ ಒಳ ಅಂಚುಗಳ ಅಂತರವನ್ನೂ ಹೊರ ಅಂಚುಗಳ ಅಂತರವನ್ನೂ ಕೂಡಿ ಅರ್ಧ ಮಾಡಿ. 3 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಆ ತುಂಡು ಬೇಡ, ಅದಕ್ಕೂ ಪೆಟ್ಟು ಬಿದ್ದಿದೆ.

ಲೆಗ್ ಮೇಲೆ ಅಡ್ಡಕ್ಕೆ ಒತ್ತಿದ ಮಡಿಕೆಗಳಿರುತ್ತವೆ. ಡಿಕ್ಕಿಯಾದಾಗ ಅದು ಅಲ್ಲಿಂದಲೇ ಮಡಚಿಕೊಳ್ಳಲಿ ಎಂದು ಮಾಡಿದವು. ಅಲ್ಲಿ ಬಣ್ಣ ಬಿರುಕು ಬಿಟ್ಟಿದೆಯೇ, ಸುತ್ತಿಗೆಯಲ್ಲಿ ತಟ್ಟಿ ನೇರ ಮಾಡಿದ ಗುರುತಿದೆಯೇ ಎಂದು ಬೆರಳಾಡಿಸಿ ನೋಡಿ. ಇದ್ದರೆ ಎಷ್ಟು ಅಗ್ಗವಾದರೂ ಬಿಟ್ಟುಬಿಡಿ. ಒಮ್ಮೆ ಮಡಚಿದ ಉಕ್ಕು ಮುಂದಿನ ಪೆಟ್ಟಿಗೆ ಅದೇ ರೀತಿ ಮಡಚುವುದಿಲ್ಲ, ಏರ್‌ಬ್ಯಾಗಿನ ಲೆಕ್ಕ ತಪ್ಪುತ್ತದೆ. ಕಂಪನಿಯ ಸ್ಪಾಟ್ ವೆಲ್ಡ್ ಸಮಾನ ಅಂತರದ ಪುಟ್ಟ ಗುಳಿಗಳಾಗಿ ಕಾಣುತ್ತದೆ. ಗ್ರೈಂಡ್ ಮಾಡಿದ ಗೆರೆಯೋ ಉಗುರಿಗೆ ಮೆತ್ತಗೆ ಸಿಗುವ ಸೀಲಂಟೋ (ಜೋಡಣೆಗೆ ಬಳಿಯುವ ಅಂಟು) ಕಂಡರೆ ಹಿಂದೆಯೇ ಕೆಲಸವಾಗಿದೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಒಳಗಿಂದ ತುಕ್ಕಿನ ಪುಡಿ ಉದುರೀತು. ಪೆಟ್ಟಿಗೆಯಂತಿರುವ ಒಳಭಾಗಕ್ಕೆ ಟಾರ್ಚು ಹಾಕಿ: ಒಣಗಿದ ಕೆಸರಿನ ಪದರವಿದ್ದರೆ ಅದು ನೆರೆಯಲ್ಲಿ ಮುಳುಗಿದ ಕಾರಿರಬಹುದು. ಕರಾವಳಿಯ ಕಾರಾದರೆ ಕೆಳಗಿನ ಜೋಡಣೆಗಳನ್ನು ಎರಡು ಸಲ ನೋಡಿ.

ಕತ್ತರಿಸುವಾಗ ಎದುರಿಗೇ ಇರಿ. ಕಂಪನಿ ಜೋಡಣೆಯಿಂದ 10 ಸೆಂ.ಮೀ. ಆಚೆಗೆ ಗ್ರೈಂಡರ್‌ನಲ್ಲಿ ಕತ್ತರಿಸಲು ಹೇಳಿ. ಆ ಹೆಚ್ಚುವರಿ ತಗಡನ್ನು ಟಿಂಕರಿಂಗ್‌ನವರು ಸ್ಪಾಟ್ ವೆಲ್ಡ್ ಕೊರೆದು ಬಿಡಿಸುತ್ತಾರೆ. ಗ್ಯಾಸ್ ಕಟಿಂಗ್ ಬೇಡವೇ ಬೇಡ. ಹೈ ಸ್ಟ್ರೆಂತ್ ಉಕ್ಕು ಶಾಖಕ್ಕೆ ಬಲ ಕಳೆದುಕೊಳ್ಳುತ್ತದೆ, ನೀಲಿ ಬಣ್ಣಕ್ಕೆ ತಿರುಗಿದ ಅಂಚು ಅದರ ಗುರುತು. ಇದೇ ಕಾರಣಕ್ಕೆ ಹೊಸ ತಲೆಮಾರಿನ ಕಾರುಗಳ ಬಿ ಪಿಲ್ಲರ್ (ಮುಂದಿನ ಹಿಂದಿನ ಬಾಗಿಲುಗಳ ನಡುವಿನ ಕಂಬ) ಹಳೆಯದು ಕೊಳ್ಳಲೇಬೇಡಿ, ಹೊಸದನ್ನೇ ಹಾಕಿಸಿ.

ಚಾಸಿಸ್ ನಂಬರ್ ಕೊರೆದಿರುವ ತುಂಡನ್ನು ಬೇರೆ ಕಾರಿನಿಂದ ತಂದು ಬೆಸೆಯಬಾರದು. ಬಿಲ್ಲಿನ ಮೇಲೆ ಮೂಲ ಕಾರಿನ ನೋಂದಣಿ ಮತ್ತು ಚಾಸಿಸ್ ನಂಬರ್ ಎರಡನ್ನೂ ಬರೆಸಿಕೊಳ್ಳಿ. ಕದ್ದ ಮಾಲೆಂದು ತಿಳಿದೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ ಕೊಂಡವರಿಗೂ ತಗಲುತ್ತದೆ. ವೆಲ್ಡ್ ಮಾಡುವ ಮುಂಚೆ ಕ್ಲಾಂಪ್ ಹಾಕಿ ಕೂರಿಸಿ, ಫೆಂಡರ್, ಹೆಡ್‌ಲೈಟ್, ಸ್ಟ್ರಟ್ ಬೋಲ್ಟ್ ಮೂರೂ ಎಳೆಯದೆ ಕೂತರೆ ಮಾತ್ರ ಟ್ಯಾಕ್ (ಹಿಡಿದಿಡುವ ಚುಕ್ಕೆ ವೆಲ್ಡ್) ಹಾಕಿಸಿ. ಕೂರದಿದ್ದರೆ ವಾಪಸ್ ಎಂಬ ಮಾತನ್ನು ದುಡ್ಡು ಕೊಡುವ ಮೊದಲೇ ಅದೇ ಬಿಲ್ಲಿನಲ್ಲಿ ಬರೆಸಿಬಿಡಿ.