ಐದು ಸೆಕೆಂಡಿನ ಆಟಕ್ಕೆ ಐದು ಕಿಲೋಮೀಟರ್ ಓಟ ಯಾಕೆ?

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ (ನಮ್ಮ ಕಾಲ್ಚೆಂಡಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ) ಒಂದು ‘ಪ್ಲೇ’, ಅಂದರೆ ಚೆಂಡನ್ನು ಮುಂದೊಯ್ಯುವ ಒಂದು ಯತ್ನ, ಐದಾರು ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಆಮೇಲೆ ಅರ್ಧ ನಿಮಿಷದಷ್ಟು ಬಿಡುವು, ಮತ್ತೆ ಡಿಕ್ಕಿ. ಎದುರಾಳಿಯನ್ನು ತಡೆಯುವ ಡಿಫೆನ್ಸ್ ಆಟಗಾರರ ಕಸರತ್ತೆಲ್ಲ ಈ ಲೆಕ್ಕಕ್ಕೇ ಹೊಂದಬೇಕು. ಚೆಂಡು ಎತ್ತ ಹೋಗಲಿದೆ ಎಂಬುದು ಎದುರಾಳಿಗೆ ಗೊತ್ತು, ಇವರಿಗೆ ಗೊತ್ತಿಲ್ಲ. ಕಬಡ್ಡಿಯಲ್ಲಿ ರೇಡರ್‌ನನ್ನು ಹಿಡಿಯುವವರ ಪಾಡೇ ಇವರದ್ದು.

ಭಾರ ಎತ್ತಿದರೆ ಮೈ ಬಿಗಿದು ಓಟ ಕುಗ್ಗುತ್ತದೆಂದು ಕೋಚ್‌ಗಳು ಹೆದರುತ್ತಿದ್ದ ಕಾಲವಿತ್ತು. 1969ರಲ್ಲಿ ನೆಬ್ರಾಸ್ಕಾ ವಿಶ್ವವಿದ್ಯಾಲಯ ಪೋಲ್‌ವಾಲ್ಟ್ ಪಟು ಬಾಯ್ಡ್ ಎಪ್ಲಿಯನ್ನು ಸ್ಟ್ರೆಂತ್ ಕೋಚ್ ಆಗಿ ನೇಮಿಸಿತು. 1970 ಮತ್ತು 71ರಲ್ಲಿ ಆ ತಂಡವೇ ರಾಷ್ಟ್ರೀಯ ಚಾಂಪಿಯನ್. ಭಯ ಅಲ್ಲಿಗೆ ಕರಗತೊಡಗಿತು.

ಮೊದಲು ಬಲ. ಸೀಸನ್ ಮುಗಿದ ಚಳಿಗಾಲದಲ್ಲಿ ವಾರಕ್ಕೆ ಮೂರ್ನಾಲ್ಕು ದಿನ ಜಿಮ್. ಸ್ಕ್ವಾಟ್‌ನಿಂದ (ಭಾರ ಹೊತ್ತು ಕುಳಿತೇಳುವುದು) ಶುರುಮಾಡಿ. ಬಾರ್ (ತೂಕದ ಕಂಬಿ) ಹೆಗಲ ಹಿಂದೆ ಕೂರಲಿ, ಉಸಿರು ತುಂಬಿಕೊಂಡು ಹೊಟ್ಟೆ ಬಿಗಿಹಿಡಿಯಿರಿ, ತೊಡೆ ನೆಲಕ್ಕೆ ಸಮನಾಗುವವರೆಗೆ ಇಳಿಯಿರಿ. ಹಿಮ್ಮಡಿ ಮೇಲೇಳಬಾರದು, ಮಂಡಿ ಒಳಕ್ಕೆ ವಾಲಬಾರದು. ಒಮ್ಮೆ ಇಳಿದೆದ್ದರೆ ಒಂದು ರೆಪ್; ಐದು ರೆಪ್‌ಗಳ ನಾಲ್ಕು ಸೆಟ್ ಸಾಕು. ಪ್ರತಿ ಸೆಟ್ ಮುಗಿದಾಗ ಇನ್ನೆರಡು ಎತ್ತುವ ಶಕ್ತಿ ಉಳಿದಿರಬೇಕು. ಜೊತೆಗೆ ಡೆಡ್‌ಲಿಫ್ಟ್ (ನೆಲದಿಂದ ಬಾರ್ ಎತ್ತಿ ನಿಲ್ಲುವುದು), ಪುಲ್‌ಅಪ್ (ಕಂಬಿಗೆ ಜೋತು ಮೈ ಮೇಲೆಳೆಯುವುದು). ಬೆಂಚ್ ಪ್ರೆಸ್ (ಮಲಗಿ ಎದೆಯ ಮೇಲಿಂದ ಭಾರ ಎತ್ತುವುದು) ಮೋಹ ಎಲ್ಲರಿಗೂ ಇದೆ, ಆದರೆ ಎದುರಾಳಿಯನ್ನು ಹಿಡಿದು ಕೆಡವುವ ಟ್ಯಾಕಲ್‌ನ ಬಲ ಬರುವುದು ಸೊಂಟ, ಕಾಲುಗಳಿಂದ. ಕುತ್ತಿಗೆಯನ್ನು ಮರೆಯಬೇಡಿ: ಜೊತೆಗಾರ ಅಂಗೈಯಿಂದ ತಲೆಯನ್ನು ನಾಲ್ಕೂ ದಿಕ್ಕಿನಿಂದ ಮೆಲ್ಲಗೆ ಒತ್ತಲಿ, ನೀವು ಅಲುಗದೆ ತಡೆಯಿರಿ.

ನಂತರ ವೇಗ. ವಸಂತದ ಹೊತ್ತಿಗೆ ಎರಡು ಮೂರು ರೆಪ್‌ಗಳ ಪವರ್ ಕ್ಲೀನ್ (ನೆಲದಿಂದ ಬಾರ್ ಅನ್ನು ರಭಸದಿಂದ ಹೆಗಲಿಗೇರಿಸುವುದು), ಮೆಡಿಸಿನ್ ಬಾಲ್ (ತೂಕದ ಚೆಂಡು) ಎಸೆತ. ಮುಂಚೂಣಿಯ ಲೈನ್‌ನಲ್ಲಿ ಆಡುವವರು ಭಾರದ ಸ್ಲೆಡ್ (ತಳ್ಳುವ ಜಾರುಬಂಡಿ) ಅನ್ನು ಹತ್ತು ಮೀಟರ್ ತಳ್ಳಲಿ. ಚೆಂಡು ಹಿಡಿಯಲು ಓಡುವ ಎದುರಾಳಿಯನ್ನು ಕಾಯುವ ಕಾರ್ನರ್‌ಬ್ಯಾಕ್ ಹಿಮ್ಮುಖವಾಗಿ ಓಡಿ, ಕೋಚ್ ಕೈ ತೋರಿಸಿದ ಕಡೆಗೆ ತಟ್ಟನೆ ತಿರುಗಿ ಓಡಲಿ.

ದಮ್ಮು ಕಟ್ಟುವುದು ಕೊನೆಗೆ. ಅದಕ್ಕೆ ಐದು ಕಿಲೋಮೀಟರ್ ಓಟ ಬೇಡ, ಆಟದ ಲೆಕ್ಕವೇ ಸಾಕು. ಐದು ಸೆಕೆಂಡ್ ಪೂರ್ಣ ವೇಗದ ಓಟ, ಮೂವತ್ತೈದು ಸೆಕೆಂಡ್ ವಿಶ್ರಾಂತಿ. ಹೀಗೆ ಎಂಟು ಸಲ ಆದರೆ ಒಂದು ಸರದಿ. ನಡುವೆ ಮೂರು ನಿಮಿಷ ಬಿಡುವು. ಎರಡು ಸರದಿಯಿಂದ ಆರಂಭಿಸಿ ವಾರ ವಾರ ಸ್ವಲ್ಪ ಸ್ವಲ್ಪವೇ ಏರಿಸಿ.

ಇಲ್ಲಿ ಅವಸರ ಪ್ರಾಣಕ್ಕೇ ಎರವಾಗಬಹುದು. 2006ರಲ್ಲಿ ರೈಸ್ ವಿಶ್ವವಿದ್ಯಾಲಯದ 19 ವರ್ಷದ ಡಿಫೆನ್ಸ್ ಆಟಗಾರ ಡೇಲ್ ಲಾಯ್ಡ್, 100 ಗಜದ ಓಟವನ್ನು 16 ಸಲ ಓಡುವ ಅಭ್ಯಾಸದಲ್ಲಿ ಕುಸಿದು, ಮರುದಿನ ತೀರಿಕೊಂಡರು. ಅವರಿಗೆ ಸಿಕಲ್ ಸೆಲ್ ಲಕ್ಷಣವಿತ್ತು: ಅತಿ ಶ್ರಮದಲ್ಲಿ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಬಹುದಾದ ಸ್ಥಿತಿ (ನಮ್ಮ ಚಾಮರಾಜನಗರದ ಸೋಲಿಗರಲ್ಲೂ ಕಾಣುವ ಅದೇ ಆನುವಂಶಿಕ ಲಕ್ಷಣ). 2010ರಿಂದ ಮೊದಲ ದರ್ಜೆಯ ಕಾಲೇಜು ಕ್ರೀಡೆಗಳಲ್ಲಿ ಇದರ ಪರೀಕ್ಷೆ ನಿಯಮವಾಗಿದೆ. 2018ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಆಟಗಾರ ಜೋರ್ಡನ್ ಮೆಕ್‌ನೇರ್‌ಗೆ ಅಭ್ಯಾಸದ ವೇಳೆ ಶಾಖಾಘಾತವಾಯಿತು. ಐಸ್ ನೀರಿನ ತೊಟ್ಟಿಗೆ ಇಳಿಸಲೇ ಇಲ್ಲ, ಜೀವ ಉಳಿಯಲಿಲ್ಲ. ತಪ್ಪಿಗೆ ಶಿಕ್ಷೆಯೆಂದು ಓಡಿಸುವುದು ತರಬೇತಿಯಲ್ಲ, ದರ್ಪ. ಬೇಸಿಗೆಯಲ್ಲಿ ಮೈದಾನದ ಪಕ್ಕದಲ್ಲೇ ಐಸ್ ತೊಟ್ಟಿ ತುಂಬಿರಬೇಕು. ಯಾರಾದರೂ ತೊದಲಿದರೆ, ತೂರಾಡಿದರೆ ಆಂಬುಲೆನ್ಸ್‌ಗೆ ಕರೆಮಾಡಿ, ಅದು ಬರುವುದನ್ನು ಕಾಯದೆ ತೊಟ್ಟಿಗಿಳಿಸಿ ಮೈ ತಣಿಸಿ.

ಪಂದ್ಯಗಳು ಶುರುವಾದ ಮೇಲೆ ಜಿಮ್ ವಾರಕ್ಕೆ ಎರಡೇ ದಿನ. ಶನಿವಾರ ಪಂದ್ಯವಿದ್ದರೆ ಸೋಮವಾರ ಭಾರದ ಸ್ಕ್ವಾಟ್, ಬುಧವಾರ ಹಗುರ ತೂಕದ ಚುರುಕು ಲಿಫ್ಟ್‌ಗಳು. ಗುರುವಾರದಿಂದ ಬಾರ್ ಮುಟ್ಟುವುದು ಬೇಡ.