ಹಾಸಿಗೆಯಿಂದ ಕಾಲು ಇಳಿಸೋ ಮೊದಲೇ ಸ್ಟಾಕಿಂಗ್ ಹಾಕ್ಬೇಕು: ನನ್ನ ಅನುಭವ

ಉಡುಪಿಯಲ್ಲಿ ಒಂದು ಬಟ್ಟೆ ಅಂಗಡಿಯ ಸೀರೆ ಕೌಂಟರಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ, ಬೆಳಿಗ್ಗೆ ಒಂಬತ್ತೂವರೆಗೆ ನಿಂತ್ರೆ ರಾತ್ರಿ ಎಂಟರವರೆಗೆ ನಿಂತೇ ಇರ್ಬೇಕು, ಗಿರಾಕಿ ಇಲ್ಲದಾಗ್ಲೂ ಕೂತ್ಕೊಳ್ಳೋ ಹಾಗಿಲ್ಲ. ಪಕ್ಕದ ಕೇರಳದಲ್ಲಿ 2018ರಲ್ಲೇ ಅಂಗಡಿ ಕೆಲಸದವರಿಗೆ ಕೂತ್ಕೊಳ್ಳೋ ಹಕ್ಕು ಕಾನೂನಲ್ಲಿ ಬಂತು, ನಮ್ಗೂ ಬರ್ಬೇಕು.

2024ರ ಜನವರಿ, ಪುತ್ತಿಗೆ ಮಠದ ಪರ್ಯಾಯದ ರಶ್. ಆಗ ರಾತ್ರಿ ಮನೆಗೆ ಬಂದು ಚಪ್ಪಲಿ ತೆಗೆದ್ರೆ ಎಡಗಾಲಲ್ಲಿ ಪಟ್ಟಿಯ ಅಚ್ಚು ಹಾಗೇ ಉಳೀತಿತ್ತು, ಹೆಬ್ಬೆರಳಲ್ಲಿ ಒತ್ತಿದ್ರೆ ಗುಂಡಿ ಬಿದ್ದು ತುಂಬ್ಲಿಕ್ಕೆ ಸುಮಾರು ಹೊತ್ತು ಬೇಕಿತ್ತು, ಮೀನಖಂಡದಲ್ಲಿ ನೀಲಿ ನರ ಹುರಿಯ ಹಾಗೆ ಎದ್ದಿತ್ತು. ಡಾಕ್ಟ್ರು ಡಾಪ್ಲರ್, ಅಂದ್ರೆ ಕಾಲಿನ ರಕ್ತದ ಓಟ ನೋಡೋ ಸ್ಕ್ಯಾನ್ ಮಾಡಿಸಿ ವೆರಿಕೋಸ್ ವೇನ್ (ರಕ್ತನಾಳ ಉಬ್ಬೋ ತೊಂದ್ರೆ) ಅಂದ್ರು, ಕಾಲಿಗೆ ಕಂಪ್ರೆಷನ್ ಸ್ಟಾಕಿಂಗ್, ಅಂದ್ರೆ ಬಿಗಿಯಾದ ಉದ್ದ ಕಾಲುಚೀಲ ಬರೆದುಕೊಟ್ರು. ರಕ್ತ ಮೇಲೆ ಹೋಗೋ ನಾಳದಲ್ಲಿ ವಾಲ್ವ್ ಇರ್ತದಂತೆ, ಬಾವಿಗೆ ಬಿಟ್ಟ ಪಂಪಿನ ಫುಟ್‌ವಾಲ್ವ್ ಲೀಕಾದ್ರೆ ನೀರು ವಾಪಸ್ ಇಳೀತದಲ್ಲ, ನನ್ನ ಕಾಲಲ್ಲೂ ಅದೇ ಕತೆ. ಈ ಸ್ಟಾಕಿಂಗ್ ಪಾದದ ಗಂಟಿನ ಹತ್ರ ಜಾಸ್ತಿ ಬಿಗಿ, ಮೇಲೆ ಹೋಗ್ತಾ ಸಡಿಲ, ಹಾಗಾಗಿ ರಕ್ತವನ್ನು ಮೇಲಕ್ಕೆ ತಳ್ಳಲಿಕ್ಕೆ ಆಸರೆ ಆಗ್ತದೆ.

ನನ್ಗೆ ಬರೆದದ್ದು ಕ್ಲಾಸ್ 2, ಅಂದ್ರೆ ಪಾದರಸದ ಲೆಕ್ಕದಲ್ಲಿ 23ರಿಂದ 32 ಮಿಲಿಮೀಟರ್ ಒತ್ತಡ, ಮೊಣಕಾಲಿನ ಕೆಳಗಿನವರೆಗೆ. ನಾನು ಮಾಡಿದ ತಪ್ಪು ಎಂತ ಅಂದ್ರೆ ಕೆಲಸ ಮುಗಿಸಿ ಬರುವಾಗ ಮೆಡಿಕಲಲ್ಲಿ ಅಂದಾಜಿಗೆ ಒಂದು ಸೈಜ್ ತಗೊಂಡದ್ದು, ಮರುದಿನ ಮನೆಕೆಲಸ, ಸ್ನಾನ, ತಿಂಡಿ ಎಲ್ಲ ಮುಗಿಸಿ ಕಾಲು ಬಾತ ಮೇಲೆ ಎಳೆದು ಹಾಕಿದ್ದು, ಉದ್ದ ಆಯ್ತು ಅಂತ ಮೇಲಿನ ಅಂಚನ್ನು ಮಡಚಿದ್ದು. ಆ ಮಡಿಕೆ ದಾರ ಬಿಗಿದ ಹಾಗೆ ಕೂತು ಮಧ್ಯಾಹ್ನಕ್ಕೆ ಕೆಂಪು ಬಳೆ ಬಿತ್ತು, ಬೆರಳೆಲ್ಲ ಜೋಮು. ಎರಡು ತಿಂಗಳು ಅದು ಕಪಾಟಲ್ಲೇ ಇತ್ತು.

ಮತ್ತೆ ಡಾಕ್ಟ್ರ ಹತ್ರ ಹೋದಾಗ ಅಲ್ಲಿಯ ನರ್ಸ್ ಸಿಸ್ಟರ್ ಕೂತು ಕಲಿಸಿದ್ರು. ಅಳತೆ ಬೆಳಿಗ್ಗೆ ಎದ್ದ ಕೂಡ್ಲೇ ತೆಗೀಬೇಕು, ಪಾದದ ಗಂಟಿನ ಮೇಲಿನ ಸಪೂರ ಜಾಗ, ಮೀನಖಂಡದ ದಪ್ಪ ಜಾಗ, ನೆಲದಿಂದ ಮೊಣಕಾಲಿನ ಕೆಳಗಿನವರೆಗೆ ಉದ್ದ. ನನ್ನ ಗಂಟಿನ ಹತ್ರ ಬೆಳಿಗ್ಗೆ 23 ಸೆಂಟಿಮೀಟರ್, ರಾತ್ರಿ 25ರ ಮೇಲೆ!

ಈಗ ಎಚ್ಚರ ಆದ ಕೂಡ್ಲೇ ಹಾಸಿಗೆಯಲ್ಲೇ ಹಾಕ್ತೇನೆ, ಅದಕ್ಕೋಸ್ಕರ ಸ್ನಾನವನ್ನೇ ರಾತ್ರಿಗೆ ಬದಲಾಯಿಸಿದೆ. ಪಾತ್ರೆ ತೊಳೆಯೋ ರಬ್ಬರ್ ಗ್ಲೌಸ್ ಒಂದು ಜೊತೆ ಇದಕ್ಕೇ ಇಟ್ಟಿದ್ದೇನೆ, ಅದಿಲ್ಲದೆ ಹಿಡಿತ ಸಿಗೋದಿಲ್ಲ, ಉಗುರು ತಾಗಿ ನೂಲು ಹೋಗ್ತದೆ. ಒಳಗೆ ಕೈ ಹಾಕಿ ಹಿಮ್ಮಡಿ ಹಿಡಿದು ಅಲ್ಲಿಯವರೆಗೆ ಉಲ್ಟಾ ಮಾಡೋದು, ಪಾದ ತೂರಿಸಿ ಹಿಮ್ಮಡಿ ಸರೀ ಕೂರಿಸೋದು, ಆಮೇಲೆ ಅಂಗೈಯಲ್ಲಿ ಸವರಿಕೊಂಡು ಸ್ವಲ್ಪ ಸ್ವಲ್ಪವೇ ಮೇಲೆ ತರೋದು. ಅಂಚು ಹಿಡಿದು ಎಳೀಲೇಬಾರದು. ಮೊದಲು ಹತ್ತು ನಿಮಿಷ ಬೇಕಿತ್ತು, ಈಗ ಎರಡು. ರಾತ್ರಿ ತೆಗೆದ ಮೇಲೆ ಕಾಲಿಗೆ ತೆಂಗಿನೆಣ್ಣೆ, ಬೆಳಿಗ್ಗೆ ಎಣ್ಣೆ ಇದ್ರೆ ಜಾರ್ತದೆ.

ನಮ್ಮೂರಿನ ಏಪ್ರಿಲ್-ಮೇ ಸೆಕೆಯಲ್ಲಿ ಕಷ್ಟ ಉಂಟು, ಇಲ್ಲ ಅಂತ ಹೇಳೋದಿಲ್ಲ, ಬೆವರಿಗೆ ತುರಿಸ್ತದೆ. ಎರಡು ಜೊತೆ ಇಟ್ಟು ದಿನಾ ಕೈಯಲ್ಲಿ ಒಗೆದು, ಹಿಂಡದೆ ಟವೆಲಲ್ಲಿ ಒತ್ತಿ, ನೆರಳಲ್ಲಿ ಹಾಕ್ತೇನೆ, ಮಳೆಗಾಲದಲ್ಲಿ ಫ್ಯಾನಿನ ಕೆಳಗೆ. ಆರು ತಿಂಗಳಿಗೆ ಬಿಗಿ ಹೋಗ್ತದೆ, ಹೊಸದೇ ಬೇಕು.

ಎದ್ದ ನರ ಹೋಗ್ಲಿಲ್ಲ, ಸ್ಟಾಕಿಂಗಿಂದ ಅದು ಹೋಗೋದೂ ಇಲ್ಲ. ಆದ್ರೆ ಬಾವು, ಭಾರ ತುಂಬಾ ಇಳಿದಿದೆ, ಮಧ್ಯ ಮಧ್ಯ ಕೌಂಟರ್ ಹಿಂದೆ ಹಿಮ್ಮಡಿ ಎತ್ತಿ ಇಳಿಸ್ತಾ ಇರ್ತೇನೆ, ಅದೂ ಸಹಾಯ ಆಗ್ತದೆ.

ದಯವಿಟ್ಟು ಡಾಕ್ಟ್ರಿಗೆ ತೋರಿಸದೆ ತಗೋಬೇಡಿ. ಕಾಲಿಗೆ ರಕ್ತ ತರೋ ನಾಳವೇ ಕಟ್ಟಿದ್ರೆ ಈ ಬಿಗಿಯಿಂದ ಅಪಾಯ, ಶುಗರಿಂದ ಪಾದ ಜೋಮು ಇರೋರಿಗೂ ಗಾಯ ಆದದ್ದು ಗೊತ್ತಾಗೋದಿಲ್ಲ. ಒಂದೇ ಕಾಲು ಇದ್ದಕ್ಕಿದ್ದ ಹಾಗೆ ಬಾತು ಬಿಸಿಯಾಗಿ ನೋವು ಬಂದ್ರೆ ಸೀದಾ ಆಸ್ಪತ್ರೆಗೆ.

ನಮ್ಮ ಬ್ಲೌಸ್ ಪೀಸ್ ಕೌಂಟರಿನ ಹುಡುಗಿಗೂ ಡಾಪ್ಲರ್ ಆಯ್ತು, ಡಾಕ್ಟ್ರು ಸ್ಟಾಕಿಂಗ್ ಬರೆದಿದ್ದಾರೆ. "ಅಕ್ಕ, ಸಂಜೆ ಹೋಗಿ ತರುವನಾ" ಅಂತ ಕೇಳಿದ್ಲು. ಬೇಡ ಅಂದೆ. ಭಾನುವಾರ ಬೆಳಿಗ್ಗೆ ಅವಳು ಅಡುಗೆಮನೆಗೆ ಹೋಗೋ ಮೊದಲು ಟೇಪ್ ಹಿಡ್ಕೊಂಡು ಅವಳ ಮನೆಗೆ ಹೋಗ್ತೇನೆ.