ಕೋರಲ್ ಬಿದ್ದಾಗ ಮೊದಲು ಮೌಸಿಂದ ಕೈ ತೆಗೀರಿ

ಬೆಂಗಳೂರಿನ ಸುಲ್ತಾನಪೇಟೆಯಲ್ಲಿ ಮಹಡಿ ಮೇಲಿನ ಸಣ್ಣ ಅಂಗಡಿ ನನ್ನದು. ಹದಿನಾರು ವರ್ಷದಿಂದ ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಆಗಾಗ ಫ್ಲೆಕ್ಸು. ಕೆಲಸವೆಲ್ಲ ಕೋರಲ್‌ಡ್ರಾ ಅನ್ನೋ ಡಿಸೈನ್ ಸಾಫ್ಟ್‌ವೇರಲ್ಲಿ, ನಮ್ಮ ಬಾಯಲ್ಲಿ ಬರೀ ಕೋರಲ್. ಹೋದ ವೈಶಾಖದ ಒಂದು ಸಂಜೆ, ಮಾಗಡಿ ಕಡೆಯ ಯಜಮಾನರೊಬ್ಬರು ಮಗಳ ಮದುವೆ ಕಾರ್ಡಿಗೆ ಅಂತ ಬೆನ್ನ ಹಿಂದೆ ಸ್ಟೂಲ್ ಹಾಕಿಕೊಂಡು ಕೂತಿದ್ದರು. ಆಗಮನಾಭಿಲಾಷಿಗಳ ಪಟ್ಟಿಯಲ್ಲಿ ನಲವತ್ತೊಂದನೇ ಹೆಸರು ಮುಗಿಸಿ, ಮೇಲಿದ್ದ ಗಣಪತಿಗೆ ಒಂದು ಡ್ರಾಪ್ ಶ್ಯಾಡೋ, ಅಂದರೆ ನೆರಳು, ಕೊಟ್ಟೆ. ಪರದೆ ಬೆಳ್ಳಗಾಯಿತು. ಕೊನೆಯ ಸಲ ಸೇವ್ ಮಾಡಿದ್ದು ಐದೂವರೆಗೆ. ಆಗ ಏಳು ಗಂಟೆ.

ಇಂಥ ಹೊತ್ತಲ್ಲಿ ಫೈಲ್ ಕೊಲ್ಲುವುದು ಸಾಫ್ಟ್‌ವೇರ್‌ಗಿಂತ ಹೆಚ್ಚಾಗಿ ನಮ್ಮ ಆತುರ. ‘ನಾಟ್ ರೆಸ್ಪಾಂಡಿಂಗ್’ ಅಂದ ಕೂಡಲೇ ಮುಚ್ಚಬೇಡಿ. ಟಾಸ್ಕ್ ಮ್ಯಾನೇಜರ್ ತೆಗೆದು ಕೋರಲ್ ಎದುರಿನ ಸಿಪಿಯು, ಮೆಮೊರಿ ಅಂಕಿ ನೋಡಿ. ಅಂಕಿ ಏರಿಳಿಯುತ್ತಿದ್ದರೆ ಒಳಗೆ ಇನ್ನೂ ಕೆಲಸ ನಡೀತಿರಬಹುದು, ಕೆಳಗೆ ಹೋಗಿ ಒಂದು ಕಾಫಿ ಕುಡಿದು ಬನ್ನಿ. ಹತ್ತು ನಿಮಿಷ ಅಲ್ಲಾಡದಿದ್ದರೆ ಆಗ ಎಂಡ್ ಟಾಸ್ಕ್.

ಕೋರಲ್ ಮತ್ತೆ ತೆರೆದಾಗ ‘ಫೈಲ್ ರಿಕವರಿ’ ಅಂತ ಒಂದು ಡಬ್ಬಿ ಬರುತ್ತೆ, ನಡುನಡುವೆ ತಾನೇ ಉಳಿಸಿಕೊಂಡ ಬ್ಯಾಕಪ್ ತೆರೆಯಲಾ ಅಂತ ಕೇಳೋಕೆ. ಅಭ್ಯಾಸಬಲದಿಂದ ಕ್ಯಾನ್ಸಲ್ ಒತ್ತುವವರನ್ನ ಎಷ್ಟೋ ಜನ ನೋಡಿದ್ದೀನಿ. ಒತ್ತಿದಿರೋ, ನೀವು ಕೋರಲ್ ಮುಚ್ಚಿ ಹೊರಗೆ ಬರುವಾಗ ಆ ಬ್ಯಾಕಪ್ಪನ್ನೂ ಅದೇ ಅಳಿಸಿಬಿಡುತ್ತೆ. ಓಕೆ ಒತ್ತಿ, ತೆರೆದುಕೊಂಡದ್ದನ್ನ ‘ಸೇವ್ ಆ್ಯಸ್’ ಕೊಟ್ಟು ಬೇರೆ ಹೆಸರಲ್ಲಿ ಉಳಿಸಿ. ಹಳೇ ಫೈಲ್ ಮೇಲೆ ಮಾತ್ರ ಬರೆಯಬೇಡಿ, ಯಾವುದರಲ್ಲಿ ಏನು ಉಳಿದಿದೆಯೋ ಇನ್ನೂ ಗೊತ್ತಿಲ್ಲ.

ಡಬ್ಬಿ ಬರಲೇ ಇಲ್ಲವಾ? ವಿಂಡೋಸ್ ಕೀ ಜೊತೆ ಆರ್ ಒತ್ತಿ, ಇಂಗ್ಲಿಷಲ್ಲಿ ಟೆಂಪ್ ಅಂತ ಬರೆದು ಎರಡೂ ಕಡೆ ಪರ್ಸೆಂಟ್ ಗುರುತು ಹಾಕಿ ಎಂಟರ್ ಕೊಡಿ. ತೆರೆದ ಫೋಲ್ಡರನ್ನ ದಿನಾಂಕದ ಪ್ರಕಾರ ಜೋಡಿಸಿದರೆ, ಹೆಸರಿನ ಮುಂದೆ ‘ಆಟೋ ಬ್ಯಾಕಪ್ ಆಫ್’ ಅಂಟಿಸಿಕೊಂಡ ಫೈಲ್ ಮೇಲೇ ಸಿಗಬಹುದು. ಅದನ್ನ ಡೆಸ್ಕ್‌ಟಾಪಿಗೆ ಕಾಪಿ ಮಾಡಿ, ಕಾಪಿಯನ್ನೇ ತೆರೆಯಿರಿ. ನಿಮ್ಮ ಮೂಲ ಫೈಲಿನ ಪಕ್ಕದಲ್ಲೇ ‘ಬ್ಯಾಕಪ್ ಆಫ್’ ಅಂತ ಇನ್ನೊಂದು ಕೂತಿರುತ್ತೆ. ಜಾಗ ತಿನ್ನುತ್ತೆ ಅಂತ ಎಲ್ಲರೂ ಅದನ್ನ ಡಿಲೀಟ್ ಮಾಡೋದು. ಅದು ಹಿಂದಿನ ಸೇವ್‌ನ ಪ್ರತಿ. ಸೇವ್ ಆಗುತ್ತಿದ್ದಾಗಲೇ ಕರೆಂಟು ಹೋಗಿ ಮೂಲ ಫೈಲ್ ಕೆಟ್ಟರೆ ಅದೊಂದೇ ಗತಿ.

ಅದೂ ಇಲ್ಲ, ಕೈಯಲ್ಲಿರೋದು ಕೆಟ್ಟ ಫೈಲ್ ಮಾತ್ರ ಅಂದಾಗ ನಾನು ಮಾಡೋ ಒಂದು ಕಸರತ್ತಿದೆ. ಕೋರಲ್ ಉಳಿಸೋ ಫೈಲಿನ ಹೆಸರಿಗೆ ಸಿಡಿಆರ್ ಅಂತ ಬಾಲ ಇರುತ್ತೆ; ಎಕ್ಸ್4 ಆವೃತ್ತಿಯಿಂದ ಈಚೆಗಿನ ಸಿಡಿಆರ್ ಫೈಲ್ ಒಳಗಿಂದ ಒಂದು ಜಿಪ್ ಗಂಟು. ಕಾಪಿ ಮಾಡಿಕೊಂಡು ಬಾಲದ ಸಿಡಿಆರ್ ತೆಗೆದು ಜಿಪ್ ಅಂತ ಹಾಕಿ, ಜಿಪ್ ಬಿಚ್ಚೋ ಸಾಫ್ಟ್‌ವೇರ್ ವಿನ್‌ರಾರ್‌ನಲ್ಲಿ ರಿಪೇರಿ ಕೊಡಿ, ಹೊರಬಂದದ್ದಕ್ಕೆ ಮತ್ತೆ ಸಿಡಿಆರ್ ಬಾಲ ಕಟ್ಟಿ. ಓಪನ್ ಆಗದಿದ್ದರೆ ಹೊಸ ಪುಟ ತೆಗೆದು ಇಂಪೋರ್ಟ್ ಮಾಡಿ ನೋಡಿ, ಇಂಕ್‌ಸ್ಕೇಪ್ ಅನ್ನೋ ಇನ್ನೊಂದು ಡಿಸೈನ್ ಸಾಫ್ಟ್‌ವೇರಲ್ಲೂ ಪ್ರಯತ್ನಿಸಿ. ಪ್ರತಿ ಸಲ ಆಗೋದಿಲ್ಲ. ಆಗದಿದ್ದರೆ ಗಿರಾಕಿಗೆ ವಾಟ್ಸಾಪಲ್ಲಿ ಕಳಿಸಿದ ಪ್ರೂಫ್ ಪಿಡಿಎಫ್ ಹುಡುಕಿ. ಅದನ್ನ ಕೋರಲ್‌ಗೆ ತಂದರೆ ಗೆರೆ, ಬಣ್ಣ, ಬಾರ್ಡರ್ ಬಹುಪಾಲು ಉಳಿದಿರುತ್ತೆ.

ನಮ್ಮ ಕನ್ನಡದವರಿಗೆ ಇನ್ನೊಂದು ತಲೆನೋವು. ಹಳೇ ನುಡಿ ಫಾಂಟಲ್ಲಿ ಮಾಡಿದ ಫೈಲನ್ನ ಬೇರೆ ಸಿಸ್ಟಮ್ಮಲ್ಲಿ ತೆಗೆದರೆ ‘ಕುಂಕುಮ’ ಇದ್ದ ಕಡೆ ಕೊಂಬು ಮೂಡಿದ ಇಂಗ್ಲಿಷ್ ಅಕ್ಷರಗಳು ಕುಣೀತಿರುತ್ತವೆ. ಫೈಲ್ ಹೋಯಿತು ಅಂತ ಅಳಬೇಡಿ. ಫಾಂಟ್ ಬದಲಿಸಲಾ ಅಂತ ಕೋರಲ್ ಕೇಳಿದರೆ ಒಪ್ಪಿಕೊಳ್ಳದೆ ಮುಚ್ಚಿ, ನುಡಿ ಹಾಕಿಕೊಂಡು ಮತ್ತೆ ತೆರೆಯಿರಿ.

ಫೋಟೋಶಾಪ್‌ನವರಿಗೆ ಕಷ್ಟ ಕಡಿಮೆ. ನೀವು ಬದಲಿಸದಿದ್ದರೆ ಅದು 10 ನಿಮಿಷಕ್ಕೊಮ್ಮೆ ತಾನೇ ಉಳಿಸಿಕೊಂಡು, ಮತ್ತೆ ತೆರೆದಾಗ ಮುಂದಿಡುತ್ತೆ. ಇಡದಿದ್ದರೆ ವಿಂಡೋಸಿನ ಆ್ಯಪ್‌ಡೇಟಾ ಫೋಲ್ಡರಿನ ರೋಮಿಂಗ್ ಒಳಗೆ, ಅಡೋಬಿ ಫೋಲ್ಡರಿನ ‘ಆಟೋ ರಿಕವರ್’ ನೋಡಿ. ಇಲ್ಲಸ್ಟ್ರೇಟರ್ 2 ನಿಮಿಷಕ್ಕೇ ಉಳಿಸುತ್ತೆ.

ಫೈಲ್ ಡಿಲೀಟೇ ಆಗಿಹೋಗಿದ್ದರೆ ಮಾತು ಬೇರೆ. ಆ ಡ್ರೈವಿಗೆ ಏನನ್ನೂ ತುಂಬಬೇಡಿ, ಅಳಿಸಿದ್ದನ್ನ ವಾಪಸ್ ತರೋ ರೆಕುವಾ ಥರದ ಸಾಫ್ಟ್‌ವೇರ್ ಹಾಕೋದಾದರೂ ಪೆನ್‌ಡ್ರೈವಲ್ಲಿ ಹಾಕಿ. ಡ್ರೈವ್ ಹೊಸ ಥರದ ಎಸ್‌ಎಸ್‌ಡಿ ಆದರೆ ಆಸೆ ಕಡಿಮೆ ಇಟ್ಟುಕೊಳ್ಳಿ, ಅಳಿಸಿದ ಜಾಗವನ್ನ ಅದು ಟ್ರಿಮ್ ಹೆಸರಲ್ಲಿ ತಾನೇ ಗುಡಿಸಿಡುತ್ತೆ.

ಆವತ್ತು ನನ್ನ ಅದೃಷ್ಟ, ಡಬ್ಬಿ ಬಂತು. ಕೋರಲ್ ತಾನೇ ಬ್ಯಾಕಪ್ ಮಾಡೋ ಸಮಯ ಮೊದಲಿಂದ ಇದ್ದಂತೆ 20 ನಿಮಿಷಕ್ಕೇ ಬಿಟ್ಟಿದ್ದೆ, ಈಗ 5ಕ್ಕೆ ಇಳಿಸಿದ್ದೀನಿ. ನಲವತ್ತೊಂದರಲ್ಲಿ ಮೂವತ್ತೆರಡು ಹೆಸರು ಸಿಕ್ಕವು. ಉಳಿದ ಒಂಬತ್ತು ಯಜಮಾನರ ಜೇಬಿನ ಚೀಟಿಯಲ್ಲಿ, ಯಜಮಾನರು ಆಗಲೇ ಮಾಗಡಿ ಬಸ್ಸಲ್ಲಿ. ಫೋನ್ ಮಾಡಿ, ಆ ಗದ್ದಲದಲ್ಲಿ ‘ಶಿವಣ್ಣನೋ ಶಿವಣ್ಣಯ್ಯನೋ’ ಅಂತ ಮೂರು ಸಲ ಕೇಳಿ ಬರಕೊಂಡೆ. ಈಗ ಟೈಪಿಂಗ್ ಶುರು ಮಾಡೋ ಮೊದಲು ಚೀಟಿಯ ಫೋಟೋ ತೆಗೆದಿಟ್ಟುಕೊಳ್ತೀನಿ.